ಕೆಂಡ ಮೇಲೆ, ಕೆಂಡ ಕೆಳಗೆ: ಉಜ್ಜಿನಿ ಮನೆಗೆ ಸ್ಯಾಂಡ್‌ವಿಚ್ ಮೇಕರ್ ಬಂದ ದಾರಿ

ಇವತ್ತಿನ ಎಪಿಸೋಡ್‌ನಲ್ಲಿ ರಾಜರು ಕಡಿಮೆ, ಯುದ್ಧ ಇಲ್ಲವೇ ಇಲ್ಲ. ಇರೋದು ಒಂದು ಸ್ಯಾಂಡ್‌ವಿಚ್ ಮೇಕರ್. ಹೌದು, ಕೆಂಪು ದೀಪ, ಹಸಿರು ದೀಪ, ಕಪ್ಪು ಹಿಡಿಕೆ ಇರೋ ಅದೇ.

ನಮ್ಮದು ಕೊಟ್ಟೂರು ಹತ್ರದ ಉಜ್ಜಿನಿ. ಮಧ್ಯಪ್ರದೇಶದ್ದಲ್ಲ, ವಿಜಯನಗರ ಜಿಲ್ಲೆಯದ್ದು. ವೀರಶೈವ ಪಂಚಪೀಠಗಳಲ್ಲಿ ಒಂದು ಇರೋದು ಇಲ್ಲೇ. ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯೋದನ್ನ ನೀವು ವಿಡಿಯೋದಲ್ಲಾದ್ರೂ ನೋಡಿರ್ತೀರಿ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಅಂತ ನಮ್ಮ ಕಡೆ ಒಂದು ಮಾತಿದೆ, ಗುಡಿಯ ಒಳಗಿನ ಕೆತ್ತನೆ ನೋಡಿ ಹುಟ್ಟಿದ್ದು.

ನಮ್ಮ ಮನೆಗೆ ಈ ಮಷೀನು ಬಂದಿದ್ದು ಅಕ್ಕನ ಮದುವೆಯ ಮುಯ್ಯಿಯಾಗಿ. ಅಕ್ಕನ ಬೆಂಗಳೂರು ಮನೇಲಿ ಆಗಲೇ ಒಂದಿತ್ತು, ಇದು ಇಲ್ಲೇ ಉಳೀತು. ಎರಡು ವರ್ಷ ಶೋಕೇಸಿನಲ್ಲಿ, ಡಬ್ಬದ ಸಮೇತ, ಗಣಪತಿ ಮೂರ್ತಿ ಪಕ್ಕ. ಈಗ ದಿನಾ ಸಂಜೆ ಓಡುತ್ತೆ. ಒಂದಿನ ಅದರ ಮುಂದೆ ಕೂತು ಹಸಿರು ದೀಪಕ್ಕೆ ಕಾಯ್ತಾ ಇದ್ದಾಗ ತಲೆಗೆ ಹೊಳೆದ ಪ್ರಶ್ನೆ ಇದು: ಈ ಯಂತ್ರ ಜಗತ್ತಿನಲ್ಲಿ ಮಾರಾಟಕ್ಕೆ ಬಂದು ಯಶಸ್ವಿಯಾಗಿದ್ದು 1974ರಲ್ಲಿ. ಉಜ್ಜಿನಿಯ ಒಂದು ಸಾಧಾರಣ ಮನೆಗೆ ಬಂದು ತಲುಪೋಕೆ ನಲವತ್ತು ವರ್ಷದ ಮೇಲೆ ಬೇಕಾಯ್ತು. ಟಿವಿ ಬೇಗ ಬಂತು, ಮೊಬೈಲ್ ಇನ್ನೂ ಬೇಗ ಬಂತು. ಇದಕ್ಕೆ ಯಾಕೆ ಇಷ್ಟು ತಡ?

ದುಡ್ಡು ಅಂತೀರಾ? ಸ್ವಲ್ಪ ಮಟ್ಟಿಗೆ ನಿಜ. ಆದ್ರೆ ಬಿಕಾಂ ಓದಿದವನಿಗೆ ಬರೀ "ದುಡ್ಡು" ಅನ್ನೋ ಉತ್ತರ ಸಾಲೋದಿಲ್ಲ, ಯಾವ ತಲೆಬರಹದಡಿ ಖರ್ಚು ಅಂತ ಕೇಳೋ ಚಟ.

ಐಡಿಯಾ ಹೊಸದಲ್ಲ, ಅದನ್ನ ಮೊದಲು ಹೇಳಿಬಿಡ್ತೀನಿ. 16ನೇ ಶತಮಾನದ ಆರಂಭದಲ್ಲಿ ಹುಣಸೂರು ಕಡೆಯ ಕಲ್ಲಹಳ್ಳಿಯಲ್ಲಿ ಮೂರನೇ ಮಂಗರಸ ಅಂತ ಒಬ್ಬ ಸಣ್ಣ ರಾಜ ಇದ್ದ. ಜೈನ, ಕವಿ, ಊಟದ ವಿಷಯದಲ್ಲಿ ಬಲು ಆಸಕ್ತ. ಕನ್ನಡದಲ್ಲಿ "ಸೂಪಶಾಸ್ತ್ರ" ಅಂತ ಒಂದು ಪಾಕಪುಸ್ತಕ ಬರೆದ, ಅದೂ ಷಟ್ಪದಿಯಲ್ಲಿ. ಅದರಲ್ಲಿ ಗೋಧಿ ಹಿಟ್ಟಿನ ರೊಟ್ಟಿಗಳಲ್ಲಿ ಒಂದರ ಹೆಸರು ಮುಚ್ಚಳ ರೊಟ್ಟಿ. ಹಂಚಿನ ಮೇಲೆ ರೊಟ್ಟಿ ಇಟ್ಟು, ಮುಚ್ಚಿ, ಕೆಳಗೂ ಕೆಂಡ ಮೇಲೂ ಕೆಂಡ ಹಾಕಿ ಬೇಯಿಸೋದು. ತಿರುವಿ ಹಾಕೋ ಕೆಲಸ ಇಲ್ಲ. ಎರಡೂ ಕಡೆಯಿಂದ ಒಟ್ಟಿಗೆ ಶಾಖ. ನಮ್ಮ ಮಷೀನು ಮಾಡೋದೂ ಇಷ್ಟೇ ಅಲ್ವಾ? ಕೆಂಡದ ಜಾಗದಲ್ಲಿ ತಂತಿ ಇದೆ.

ಆ ತಂತಿಯೇ ಮುಖ್ಯ. ಕರೆಂಟ್ ಹರಿದಾಗ ಕೆಂಪಗಾಗಬೇಕು, ಆದ್ರೆ ಗಾಳಿಯಲ್ಲಿ ಸುಟ್ಟು ಉದುರಬಾರದು. ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ನೈಕ್ರೋಮ್ ತಂತಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದಿದ್ದು 1906ರಲ್ಲಿ. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಹೀಟರ್, ಎಲ್ಲವೂ ಆ ತಂತಿಯ ಮಕ್ಕಳು, ಮೊಮ್ಮಕ್ಕಳು. ಬ್ರೆಡ್ಡನ್ನ ಎರಡು ಲೋಹದ ಬಟ್ಟಲುಗಳ ನಡುವೆ ಒತ್ತಿ, ಉದ್ದ ಹಿಡಿಕೆಯಿಂದ ಬೆಂಕಿ ಮೇಲೆ ಹಿಡಿಯೋ ಸಾಧನಗಳು ಪಶ್ಚಿಮದಲ್ಲಿ ಮೊದಲಿಂದ ಇದ್ದವು. ಆಸ್ಟ್ರೇಲಿಯಾದ ಬಾಂಡೈನಲ್ಲಿದ್ದ ಡಾ. ಅರ್ನೆಸ್ಟ್ ಸ್ಮಿದರ್ಸ್ 1949ರಲ್ಲಿ ಅಂಥದ್ದೊಂದಕ್ಕೆ ಪೇಟೆಂಟ್ ಮಾಡಿಸಿ "ಜಾಫಲ್" ಅಂತ ಹೆಸರಿಟ್ಟರು. ಅದಕ್ಕೆ ಕರೆಂಟ್ ಕೊಟ್ಟು ಮನೆಮನೆಗೆ ಮುಟ್ಟಿಸಿದ್ದು ಅದೇ ದೇಶದ ಬ್ರೆವಿಲ್ ಕಂಪನಿ. ಓಬ್ರಿಯನ್ ಮತ್ತು ನಾರ್‌ವಿಲ್ ಅನ್ನೋ ಇಬ್ಬರು 1932ರಲ್ಲಿ ಸಿಡ್ನಿಯಲ್ಲಿ ಇಬ್ಬರ ಹೆಸರನ್ನೂ ಬೆಸೆದು ಶುರು ಮಾಡಿದ್ದು, ಮೊದಲು ಮಾಡ್ತಿದ್ದಿದ್ದು ರೇಡಿಯೋ. 1974ರಲ್ಲಿ ಬಂದ ಇವರ ಟೋಸ್ಟರ್ ಬ್ರೆಡ್ಡಿನ ಅಂಚನ್ನ ಒತ್ತಿ ಮುಚ್ಚಿ, ಮಧ್ಯಕ್ಕೆ ಕತ್ತರಿಸಿ ಎರಡು ತ್ರಿಕೋನ ಮಾಡ್ತಿತ್ತು. ಮೊದಲ ವರ್ಷವೇ ಆಸ್ಟ್ರೇಲಿಯಾದಲ್ಲಿ 4 ಲಕ್ಷ ಮಾರಾಟ. ಇವತ್ತು ನಮ್ಮ ಮಷೀನಿನಲ್ಲಿ ಬರೋ ತ್ರಿಕೋನದ ಆಕಾರ ಅಲ್ಲಿಂದ ಇಳಿದು ಬಂದದ್ದು.

ಯಂತ್ರದ ಕಥೆ ಇಷ್ಟು ಸಾಕು. ತಡ ಆಗಿದ್ದು ಯಂತ್ರದಿಂದ ಅಲ್ಲ.

ಮೊದಲು ಬ್ರೆಡ್ಡು. ನಮ್ಮ ಕಡೆ ಬ್ರೆಡ್ಡು ಊಟ ಆಗಿರಲಿಲ್ಲ, ಹೆಚ್ಚುಕಡಿಮೆ ಔಷಧಿಯಾಗಿತ್ತು. ಯಾರಾದ್ರೂ ಕೈಯಲ್ಲಿ ಬ್ರೆಡ್ಡಿನ ಪ್ಯಾಕೆಟ್ ಹಿಡ್ಕೊಂಡು ಬಸ್ಸಿಳಿದ್ರೆ, "ಯಾರಿಗೆ ಹುಷಾರಿಲ್ಲ?" ಅಂತಲೇ ಕೇಳೋರು. ಆಸ್ಪತ್ರೆಗೆ ನೋಡೋಕೆ ಹೋಗೋರು ಬ್ರೆಡ್ಡು, ಹಣ್ಣು ಒಯ್ಯೋದು. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು. ಆರೋಗ್ಯವಾಗಿರೋ ಮನುಷ್ಯ ಬ್ರೆಡ್ಡು ತಿಂದ್ರೆ ಅಜ್ಜಿಗೆ ಈಗಲೂ ಅನುಮಾನ. ಮೊನ್ನೆ ಕೂಡ ಕೇಳಿದಳು: "ರೊಟ್ಟಿ ಐತೆ, ಪಲ್ಯ ಐತೆ, ಜ್ವರ ಬಂದೋರಂಗೆ ಅದನ್ಯಾಕೆ ತಿಂತೀಯ?"

ಜೋಳದ ನಾಡಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ.

ಬೆಂಗಳೂರಿನ ಕಥೆ ಬೇರೆ. ಅಲ್ಲಿ ದಂಡು ಪ್ರದೇಶದಲ್ಲಿ ಬ್ರಿಟಿಷರಿದ್ದರು, ಅವರಿಗೆ ಬ್ರೆಡ್ಡು ಬೇಕಿತ್ತು. ಹಾಸನ ಕಡೆಯಿಂದ ಹೋದ ಬಿ.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ 1898ರಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರು ಮಾಡಿದರು, ಅಯ್ಯಂಗಾರ್ ಬೇಕರಿಗಳ ಮೂಲ ಅಂತ ಇವತ್ತಿಗೂ ಹೇಳೋದು ಅದನ್ನೇ. ಮೊಟ್ಟೆ ಮುಟ್ಟದ ಕುಟುಂಬದವರು ಸಾಹೇಬರ ತಿಂಡಿಯನ್ನ ಮೊಟ್ಟೆ ಇಲ್ಲದೆ ಮಾಡಿ, ಖಾರ ಬನ್ನು ಬೇರೆ ಸೇರಿಸಿ ನಮ್ಮದಾಗಿಸಿಕೊಂಡರು. ಆಮೇಲೆ ಹಾಸನದ ಕಡೆಯ ಊರುಗಳಿಂದ ಹೊರಟವರು ಬಸ್‌ಸ್ಟ್ಯಾಂಡ್ ಇರೋ ಊರಲ್ಲೆಲ್ಲ ಬೇಕರಿ ಇಟ್ಟರು. ಬ್ರೆಡ್ಡು ನಮ್ಮಂಥ ತಾಲೂಕುಗಳ ಹತ್ತಿರಕ್ಕೆ ಬಂದಿದ್ದು ಬಹುಮಟ್ಟಿಗೆ ಈ ದಾರಿಯಲ್ಲಿ.

ಇನ್ನೊಂದು ದಾರಿ ಸರ್ಕಾರದ್ದು, ಇದು ನನಗೆ ತುಂಬಾ ಇಷ್ಟದ ತಿರುವು. 1960ರ ದಶಕದ ಮಧ್ಯದಲ್ಲಿ ಬರಗಾಲ, ಅಮೆರಿಕದಿಂದ ಪಿಎಲ್ 480 ಒಪ್ಪಂದದಲ್ಲಿ ಹಡಗುಗಟ್ಟಲೆ ಗೋಧಿ. ಆ ಕಾಲದಲ್ಲೇ, 1965ರಲ್ಲಿ, ಕೇಂದ್ರ ಸರ್ಕಾರ ಮಾಡರ್ನ್ ಬೇಕರೀಸ್ ಅಂತ ತನ್ನದೇ ಕಂಪನಿ ಕಟ್ಟಿತು. ಕೊಲಂಬೊ ಯೋಜನೆಯಡಿ ಅದಕ್ಕೆ ನೆರವು ಕೊಟ್ಟಿದ್ದು ಯಾರು ಗೊತ್ತಾ? ಆಸ್ಟ್ರೇಲಿಯಾ. ಬೆಂಗಳೂರಿನಲ್ಲೂ ಒಂದು ಘಟಕ ಇತ್ತು. ಅಂದ್ರೆ ನಮ್ಮ ದೇಶದಲ್ಲಿ ಹೋಳು ಮಾಡಿ ಪ್ಯಾಕ್ ಮಾಡಿದ ಬ್ರೆಡ್ಡನ್ನ ಮಾಮೂಲಿ ಮಾಡಿದ ದೇಶವೂ, ಆ ಹೋಳುಗಳನ್ನ ಒತ್ತಿ ಸುಡೋ ಯಂತ್ರವನ್ನ ಮನೆಮಾತು ಮಾಡಿದ ದೇಶವೂ ಒಂದೇ. ಇವೆರಡೂ ಮಾತಾಡಿಕೊಂಡು ಆಗಿದ್ದಲ್ಲ, ಆದ್ರೂ ಜೋಡಿಸಿ ನೋಡಿದ್ರೆ ಮಜಾ ಇದೆ. ಕಾಮರ್ಸ್ ಓದಿದವರಿಗೆ ಈ ಕಂಪನಿ ಇನ್ನೊಂದು ಕಾರಣಕ್ಕೆ ನೆನಪಿರುತ್ತೆ: 2000ದ ಜನವರಿಯಲ್ಲಿ ಅದರ ಶೇ 74ರಷ್ಟು ಷೇರನ್ನ 105.45 ಕೋಟಿ ರೂಪಾಯಿಗೆ ಹಿಂದೂಸ್ತಾನ್ ಲಿವರ್‌ಗೆ ಮಾರಿದರು. ಸರ್ಕಾರಿ ಕಂಪನಿಯೊಂದರ ಹಿಡಿತವನ್ನೇ ಖಾಸಗಿಯವರಿಗೆ ಮಾರೋ ಸರಣಿ ಶುರುವಾಗಿದ್ದು ಬ್ರೆಡ್ಡಿನಿಂದ.

ಒಂದು ಪ್ರಯೋಗವನ್ನೂ ಹೇಳಿಬಿಡಬೇಕು. ಅಕ್ಕ ಊರಿಗೆ ಬಂದಾಗ ಬ್ರೆಡ್ಡಿನ ಬದಲು ಜೋಳದ ರೊಟ್ಟಿ ಮಡಚಿ, ಹೆಸರುಕಾಳು ಪಲ್ಯ ಇಟ್ಟು, ಮಷೀನು ಮುಚ್ಚಿ ನೋಡಿದಳು. ರೊಟ್ಟಿ ಬಿಸಿಯಾಯ್ತು, ಗರಿಗರಿಯೂ ಆಯ್ತು, ಅಂಚು ಮಾತ್ರ ಅಂಟಲಿಲ್ಲ, ಮಡಿಕೆಯಲ್ಲಿ ಸೀಳಿತು. ಗೋಧಿಯಲ್ಲಿ ಗ್ಲುಟೆನ್ ಇರುತ್ತೆ, ರಬ್ಬರಿನ ಹಾಗೆ ಹಿಡಿದು ಎಳೆಯುತ್ತೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ರೊಟ್ಟಿ ಬಡಿಯೋಕೆ ಕುದಿಯೋ ನೀರು ಬೇಕು, ಕೈ ಪಳಗಬೇಕು. ಮಂಗರಸನ ಮುಚ್ಚಳ ರೊಟ್ಟಿಯೂ ಗೋಧಿಯದ್ದೇ ಅನ್ನೋದು ನೆನಪಿರಲಿ. ಈ ಯಂತ್ರ ಗೋಧಿ ಜಗತ್ತಿನದ್ದು. ಜೋಳದ ಮನೆಗೆ ಅದು ನೆಂಟನಾಗಿ ಬರಬಹುದು, ಮನೆಯವನಾಗೋದು ಕಷ್ಟ.

ಈಗ ಕರೆಂಟು. ಇಲ್ಲಿ ನಮ್ಮ ಜಿಲ್ಲೆಯ ಇತಿಹಾಸ ನಿಜವಾಗಿ ಆಟ ಆಡಿದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿದ್ದು 1902ರಲ್ಲಿ, ಬೆಂಗಳೂರಿಗೆ 1905ರಲ್ಲಿ. ಶಾಲೆಯಲ್ಲಿ ನಾವೆಲ್ಲ ಇದನ್ನ "ನಮ್ಮ" ಹೆಮ್ಮೆ ಅಂತ ಬಾಯಿಪಾಠ ಮಾಡಿದ್ವಿ. ಆದ್ರೆ ಅದು ಮೈಸೂರು ಸಂಸ್ಥಾನದ ಹೆಮ್ಮೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಆ ತಂತಿ ನಮ್ಮ ಕಡೆ ತಿರುಗಿ ನೋಡೋ ಕಾರಣವೇ ಇರಲಿಲ್ಲ. ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅದೇ ವರ್ಷ ತುಂಗಭದ್ರಾ ಅಣೆಕಟ್ಟೂ ಮುಗೀತು. 1957ರಲ್ಲಿ ರಾಜ್ಯದ ವಿದ್ಯುತ್ ಮಂಡಳಿ ಬಂತು, ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ "ಕೆಇಬಿ". ಕಂಪನಿ ಹೆಸರು ಬದಲಾಗಿ ಇಪ್ಪತ್ತು ವರ್ಷದ ಮೇಲಾಯ್ತು, ಅಪ್ಪ ಮಾತ್ರ ಈಗಲೂ "ಕೆಇಬಿಯೋರು ಬಂದಿದ್ರು" ಅಂತಾನೇ ಹೇಳೋದು.

"ಊರಿಗೆ ಕರೆಂಟ್ ಬಂತು" ಅನ್ನೋ ಮಾತಿನ ಅರ್ಥವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 1997ರವರೆಗೆ ಸರ್ಕಾರದ ಲೆಕ್ಕದಲ್ಲಿ ಒಂದು ಹಳ್ಳಿಯ ಕಂದಾಯ ಗಡಿಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ ಬಳಸಿದ್ರೂ ಆ ಹಳ್ಳಿ ವಿದ್ಯುದೀಕರಣ ಆದಂಗೆ. ಯಾವುದೇ ಉದ್ದೇಶ! ಹೊಲದಲ್ಲಿ ಒಂದು ಪಂಪ್‌ಸೆಟ್ ಓಡಿದ್ರೆ ಸಾಕು, ಒಂದು ಮನೆಗೂ ದೀಪ ಇಲ್ಲದಿದ್ರೂ ಲೆಕ್ಕದಲ್ಲಿ ಊರು ಬೆಳಗ್ತಿತ್ತು. ಕನಿಷ್ಠ ಶೇ 10ರಷ್ಟು ಮನೆಗಳಿಗೆ ಸಂಪರ್ಕ ಇರಬೇಕು ಅನ್ನೋ ನಿಯಮ ಬಂದಿದ್ದು 2004ರಲ್ಲಿ. ಅಂದ್ರೆ ನೂರರಲ್ಲಿ ತೊಂಬತ್ತು ಮನೆ ಕತ್ತಲಲ್ಲಿದ್ರೂ ಪರವಾಗಿಲ್ಲ. ಹಳೇ ಅಂಕಿಅಂಶ ಓದುವಾಗ ಇದೊಂದು ತಲೇಲಿರಲಿ.

ಸಂಪರ್ಕ ಬಂದ ಮನೆಗೂ ಏನು ಬಂತು? ಬಡವರ ಮನೆಗೆ ಭಾಗ್ಯಜ್ಯೋತಿ, ಒಂದು ಮನೆಗೆ ಒಂದು ಬಲ್ಬು, 40 ವ್ಯಾಟ್. ಸಣ್ಣ ವಿಷಯ ಅಂತ ನಾನು ಹೇಳೋದಿಲ್ಲ. ಆ ಬೆಳಕಲ್ಲಿ ಓದಿದವರು ಇವತ್ತು ಈ ಎಪಿಸೋಡ್ ಕೇಳ್ತಿರಬಹುದು. ಆದ್ರೆ ಮನೆಬಳಕೆಯ ಸ್ಯಾಂಡ್‌ವಿಚ್ ಮೇಕರ್ ಸಾಮಾನ್ಯವಾಗಿ 750 ವ್ಯಾಟ್ ಆಸುಪಾಸು. ಹತ್ತೊಂಬತ್ತು ಭಾಗ್ಯಜ್ಯೋತಿ ಬಲ್ಬುಗಳಷ್ಟು. ಬೆಳಕಿಗೆ ಅಂತ ಎಳೆದ ತಂತಿಗೂ ಶಾಖಕ್ಕೆ ಬೇಕಾದ ತಂತಿಗೂ ವ್ಯತ್ಯಾಸ ಇದೆ. ಶಾಖ ಅನ್ನೋದು ಬೆಳಕಿಗಿಂತ ದುಬಾರಿ ನೆಂಟ.

ವೋಲ್ಟೇಜ್ ವಿಷಯಕ್ಕೆ ಬಂದ್ರೆ ಇನ್ನೂ ಕಷ್ಟ. ಬೇಸಿಗೆ ಸಂಜೆ ನಮ್ಮ ಮನೇಲಿ 230 ಇರಬೇಕಾದದ್ದು 160ಕ್ಕೆ ಇಳಿದಿದ್ದನ್ನ ಸ್ಟೆಬಿಲೈಜರ್ ಮೇಲಿನ ಮುಳ್ಳಲ್ಲೇ ನೋಡಿದೀನಿ. ಬಲ್ಬಾದ್ರೆ ಮಂಕಾಗುತ್ತೆ, ಅಡ್ಜಸ್ಟ್ ಮಾಡ್ಕೊಬಹುದು. ಕಾಯೋ ತಂತಿಯ ಲೆಕ್ಕ ಬೇರೆ: ವೋಲ್ಟೇಜ್ ಇಳಿದಷ್ಟಕ್ಕಿಂತ ಜಾಸ್ತಿ ಶಾಖ ಇಳಿಯುತ್ತೆ, ವರ್ಗದ ಲೆಕ್ಕದಲ್ಲಿ. 160 ವೋಲ್ಟ್‌ನಲ್ಲಿ 750 ವ್ಯಾಟಿನ ಮಷೀನು ಕೊಡೋದು ಸುಮಾರು 360 ವ್ಯಾಟ್, ಅರ್ಧಕ್ಕೂ ಕಡಿಮೆ. ಆಗ ಹಸಿರು ದೀಪ ಬರೋದೇ ಇಲ್ಲ, ಬ್ರೆಡ್ಡು ಕಂದುಬಣ್ಣಕ್ಕೆ ತಿರುಗೋ ಮೊದಲೇ ಒಣಗಿ ಹಪ್ಪಳ ಆಗುತ್ತೆ. ಮಷೀನು ಕೆಟ್ಟಿದೆ ಅಂತ ಎಷ್ಟು ಜನ ಅದನ್ನ ಅಟ್ಟಕ್ಕೆ ಹಾಕಿರ್ತಾರೋ. ಮಷೀನು ಚೆನ್ನಾಗೇ ಇರುತ್ತೆ.

ಪಂಪ್‌ಸೆಟ್‌ಗೆ ಬೇರೆ ಲೈನು, ಊರಿಗೆ ಬೇರೆ ಲೈನು ಅಂತ ನಿರಂತರ ಜ್ಯೋತಿ ಯೋಜನೆಯಲ್ಲಿ ಫೀಡರ್ ಬೇರ್ಪಡಿಸಿದ ಮೇಲೆ ಹಳ್ಳಿಮನೆಗಳಿಗೆ ದಿನವಿಡೀ ಕರೆಂಟ್ ಸಿಗೋ ದಾರಿ ತೆರೀತು. ನನ್ನ ಪ್ರಕಾರ ಹಳ್ಳಿಯ ಅಡುಗೆ ಸಾಮಾನಿನ ಇತಿಹಾಸ ಬರೆಯೋರು ಈ ಯೋಜನೆಗೆ ಒಂದು ಇಡೀ ಅಧ್ಯಾಯ ಕೊಡಬೇಕು.

ಆಮೇಲೆ ಬಿಲ್ಲಿನ ಭಯ. ಅವ್ವ ಎರಡು ವರ್ಷ ಡಬ್ಬ ಬಿಚ್ಚಗೊಡದೇ ಇದ್ದದ್ದಕ್ಕೆ ಇದೇ ಕಾರಣ. "ಕಾಯೋ ಸಾಮಾನು ಮಗಾ, ಮೀಟ್ರು ಓಡ್ತೈತೆ" ಅಂತಿದ್ದಳು. ಕಾಯೋ ಸಾಮಾನು ಮೀಟರ್ ಓಡಿಸುತ್ತೆ ಅನ್ನೋದು ಸರಿಯಾದ ತಿಳುವಳಿಕೆ. ಎಷ್ಟು ಹೊತ್ತು ಅನ್ನೋದು ಸೇರಿಸಿ ಲೆಕ್ಕ ಹಾಕಿದ್ವಿ. 750 ವ್ಯಾಟ್, ಕಾಯೋದೂ ಸೇರಿ ದಿನಕ್ಕೆ 12 ನಿಮಿಷ: 0.15 ಯುನಿಟ್. ತಿಂಗಳಿಗೆ ನಾಲ್ಕೂವರೆ ಯುನಿಟ್. ಒಳಗಿನ ಥರ್ಮೋಸ್ಟಾಟ್ ನಡುನಡುವೆ ಕರೆಂಟ್ ಕಟ್ ಮಾಡೋದರಿಂದ ನಿಜಕ್ಕೂ ಇನ್ನೂ ಕಡಿಮೆ.

ಗೃಹಜ್ಯೋತಿಯಲ್ಲಿ 200 ಯುನಿಟ್ ಫ್ರೀ ಇರುವಾಗ ಇದ್ಯಾವ ಲೆಕ್ಕ ಅಂತೀರಾ? ತಡೀರಿ. 2023ರಲ್ಲಿ ಬಂದ ಗೃಹಜ್ಯೋತಿ ಎಲ್ಲರಿಗೂ ಸಮನಾಗಿ 200 ಕೊಡಲಿಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಎಷ್ಟೋ, ಅದರ ಮೇಲೆ ಶೇ 10, 200ರ ಒಳಗೆ. ಅಂದ್ರೆ ತಿಂಗಳಿಗೆ 40 ಯುನಿಟ್ ಉರಿಸ್ತಿದ್ದ ಮನೆಗೆ ಸಿಕ್ಕಿದ್ದು 44. ಹೆಚ್ಚುವರಿ 4. ನಮ್ಮ ಮಷೀನಿಗೆ ಬೇಕಾದ್ದು ನಾಲ್ಕೂವರೆ! ಕಡಿಮೆ ಬಳಸ್ತಿದ್ದವರಿಗೆ, ಅಂದ್ರೆ ಹೊಸ ಸಾಮಾನು ಇನ್ನೂ ಕೊಳ್ಳದವರಿಗೆ, ಹೊಸ ಸಾಮಾನಿಗೆ ಜಾಗವೇ ಇಲ್ಲ. ಆಗಲೇ ಫ್ರಿಜ್ಜು, ಗೀಸರು ಇದ್ದವರಿಗೆ ಜಾಸ್ತಿ ಫ್ರೀ. 2024ರ ಆರಂಭದಲ್ಲಿ ಇದನ್ನ ಸ್ವಲ್ಪ ಸರಿ ಮಾಡಿದರು: ಸರಾಸರಿ 48ಕ್ಕಿಂತ ಕಡಿಮೆ ಇರೋ ಮನೆಗಳಿಗೆ ಶೇ 10ರ ಬದಲು ಪೂರ್ತಿ 10 ಯುನಿಟ್. 40ರ ಮನೆಗೆ ಈಗ 50. ಅವ್ವನಿಗೆ ಈ ಲೆಕ್ಕವನ್ನ ಹಳೇ ಬಿಲ್ಲಿನ ಹಿಂದೆ ಬರೆದು ತೋರಿಸಿದ ದಿನವೇ ಡಬ್ಬ ಬಿಚ್ಚಿದ್ದು. ನಿಮ್ಮ ಬಿಲ್ಲಲ್ಲೂ ನಿಮ್ಮ ಮಿತಿ ಎಷ್ಟು ಅಂತ ಇರುತ್ತೆ, ಒಮ್ಮೆ ನೋಡ್ಕೊಳ್ಳಿ.

ಸರಿ, ಬಿಚ್ಚಿದ್ವಿ. ಎಲ್ಲಿ ಇಡೋದು?

ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ಪ್ರಶ್ನೆ. ನಮ್ಮದು ಹಳೇ ಮನೆ. ಕರೆಂಟ್ ಎಳೆದಾಗ ಅಡುಗೆಮನೆಗೆ ಕೊಟ್ಟಿದ್ದು ಒಂದು ಬಲ್ಬು, ಅಷ್ಟೇ. ಅಡುಗೆ ಅಂದ್ರೆ ಒಲೆ, ಒಲೆಗೆ ಪ್ಲಗ್ಗು ಯಾಕೆ? ಪ್ಲಗ್ ಪಾಯಿಂಟ್ ಇರೋದು ಪಡಸಾಲೆಯ ಸ್ವಿಚ್‌ಬೋರ್ಡಲ್ಲಿ, ರೇಡಿಯೋಗೆ ಅಂತ ಹಾಕಿಸಿ, ಆಮೇಲೆ ಟಿವಿಗೆ ಆದದ್ದು. ಸುಮೀತ್ ಮಿಕ್ಸಿ ಬಂದು (ಅದು ದೇಶದಲ್ಲಿ ಶುರುವಾಗಿದ್ದು 1963ರಲ್ಲಿ) ಊರೂರಿಗೆ ಮಿಕ್ಸಿ ಹರಡಿದ ಮೇಲೂ ಎಷ್ಟೋ ಮನೆಗಳಲ್ಲಿ ಚಟ್ನಿ ರುಬ್ಬೋಕೆ ಪಡಸಾಲೆಗೇ ಬರಬೇಕು. ಸ್ಯಾಂಡ್‌ವಿಚ್ ಮೇಕರಿಗೂ ಅದೇ ಪ್ಲಗ್ಗು. 750 ವ್ಯಾಟ್ ಅಂದ್ರೆ ಸುಮಾರು ಮೂರೂಕಾಲು ಆಂಪಿಯರ್, ಸಣ್ಣ ಪ್ಲಗ್ ಸಾಕು, ಗೀಸರಿನ ದಪ್ಪ ಪ್ಲಗ್ ಬೇಡ. ಆದ್ರೆ ಮೂರನೇ ತೂತಿಗೆ ಅರ್ಥ್ ತಂತಿ ಕೊಟ್ಟಿದಾರಾ ಅಂತ ವೈರ್‌ಮನ್ ಹತ್ರ ನೋಡಿಸಿಯೇ ಹಚ್ಚಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಆ ತೂತು ಖಾಲಿ, ಬರೀ ಅಲಂಕಾರ. ಲೋಹದ ತಟ್ಟೆ ಇರೋ ಸಾಮಾನಿದು.

ಹೀಗೆ ಅಡುಗೆ ಸಾಮಾನು ಪಡಸಾಲೆಯಲ್ಲಿ, ಟಿವಿ ಕೆಳಗೆ ಕೂತಿತು. ಅಡುಗೆಮನೆ ಅವ್ವನದ್ದು, ಅಲ್ಲಿಗೆ ಅಪ್ಪ ನೀರು ಕುಡಿಯೋಕೆ ಬಿಟ್ರೆ ಹೋದವರಲ್ಲ. ಪಡಸಾಲೆ ಅಪ್ಪನ ಜಾಗ. ಅರವತ್ತು ದಾಟಿದ ಮನುಷ್ಯ, ಮೊದಲ ವಾರ ಬರೀ ನೋಡಿದರು. ಎರಡನೇ ವಾರ ತಾವೇ ಬ್ರೆಡ್ಡಿಗೆ ಎಣ್ಣೆ ಸವರಿದರು. ಬೆಣ್ಣೆ ಅಲ್ಲ, ಶೇಂಗಾ ಎಣ್ಣೆ, ನಮ್ಮ ಕಡೆಯ ಎಣ್ಣೆ. ಒಳಗೆ ಬೆಳಗಿನ ಆಲೂಗಡ್ಡೆ ಪಲ್ಯ, ಮೇಲೆ ಶೇಂಗಾ ಚಟ್ನಿಪುಡಿ. ಪಲ್ಯ ಆರಿರಬೇಕು, ನೀರಿರಬಾರದು, ತುಂಬಾ ತುರುಕಬಾರದು, ಮುಚ್ಚಳ ಜೋರಾಗಿ ಒತ್ತಬಾರದು. ಈ ಶಾಸ್ತ್ರವನ್ನೆಲ್ಲ ಈಗ ಅಪ್ಪನೇ ಬಂದವರಿಗೆ ಹೇಳೋದು. ಒಮ್ಮೆ ಕೊಟ್ಟೂರಿಂದ ತಂದು ಉಳಿದ ಮಿರ್ಚಿಯನ್ನ ಸೀಳಿ ಒಳಗಿಟ್ಟು ಮಾಡಿದರು. ಅದನ್ನ ವರ್ಣಿಸೋಕೆ ನಾನು ಷಟ್ಪದಿ ಬರೀಬೇಕಾಗುತ್ತೆ.

ನಲವತ್ತು ವರ್ಷ ದಿನಕ್ಕೆರಡು ಹೊತ್ತು ರೊಟ್ಟಿ ಬಡಿದ ಅವ್ವ ಸಂಜೆ ಆರಕ್ಕೆ ಕುರ್ಚಿಯಲ್ಲಿ ಕೂತು, ಬೇರೆಯವರು ಮಾಡಿಕೊಟ್ಟದ್ದನ್ನ ತಿನ್ನೋದು ನಾನು ನೋಡಿದ್ದು ಈ ಮಷೀನು ಬಂದ ಮೇಲೆ. ಬಿಸಿ ಹೋಗಿದೆ, ಉಪ್ಪು ಕಡಿಮೆ ಅಂತ ದೂರೋದನ್ನೂ ಕಲಿತಿದಾಳೆ.

ಮೈದಾ ಬ್ರೆಡ್ಡು ದಿನಾ ಒಳ್ಳೇದಲ್ಲ ಅನ್ನೋರ ಮಾತು ಸರಿ. ಜೋಳಕ್ಕೆ ಅದು ಸಾಟಿಯಲ್ಲ, ರಾತ್ರಿ ಊಟಕ್ಕೆ ನಮ್ಮಲ್ಲಿ ಈಗಲೂ ರೊಟ್ಟಿಯೇ. ಆದ್ರೆ "ರೊಟ್ಟಿ ಬಿಟ್ಟು ಬ್ರೆಡ್ಡು ತಿಂತಾರೆ ಈಗಿನ ಹುಡುಗರು" ಅಂತ ಭಾಷಣ ಮಾಡೋರು ಆ ರೊಟ್ಟಿ ಬಡಿಯೋ ಕೈ ಯಾರದ್ದು ಅಂತಲೂ ಒಂದು ಮಾತು ಹೇಳಲಿ.

ಒಂದು ಬಾಕಿ ಇದೆ, ಅದನ್ನ ಮುಚ್ಚಿಡೋದಿಲ್ಲ. ಈ ಮಷೀನನ್ನ ನೀರಲ್ಲಿ ಅದ್ದಿ ತೊಳೆಯೋ ಹಾಗಿಲ್ಲ. ಪ್ಲಗ್ ಕಿತ್ತು, ಉಗುರುಬೆಚ್ಚಗೆ ಇರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಲೋಹದ ಚಮಚ ತಾಗಿಸಬಾರದು, ಅಂಟದಿರೋ ಲೇಪ ಕಿತ್ತು ಬರುತ್ತೆ. ಅಪ್ಪ ಮಾಡ್ತಾರೆ, ತಿನ್ನಿಸ್ತಾರೆ, ಆಮೇಲೆ ನ್ಯೂಸ್ ಹಾಕ್ತಾರೆ. ಒರೆಸೋದು ಅವ್ವನೇ.

ಮುಂದಿನ ಎಪಿಸೋಡ್‌ನಲ್ಲಿ ಮಿಕ್ಸಿ ಬಂದ ಮೇಲೆ ಒರಳುಕಲ್ಲು ಎಲ್ಲಿಗೆ ಹೋಯ್ತು ಅನ್ನೋದನ್ನ ಮಾತಾಡೋಣ. ಅಷ್ಟರೊಳಗೆ ಒಂದು ಕೆಲಸ: ನಿಮ್ಮ ಮನೆಯ ಅಡುಗೆಮನೆಗೆ ಮೊದಲ ಪ್ಲಗ್ ಪಾಯಿಂಟ್ ಯಾವ ವರ್ಷ ಬಂತು, ಯಾವ ಸಾಮಾನಿಗಾಗಿ ಹಾಕಿಸಿದ್ರು ಅಂತ ಮನೆಯ ಹಿರಿಯರನ್ನ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ. ನಮ್ಮ ಮನೆಗೆ ವೈರ್‌ಮನ್ ಬರೋದು ಮುಂದಿನ ಸೋಮವಾರ.